ಮಾವನ ಸೈಟು

ಪ್ರಪಂಚದ ಅತಿ ದೊಡ್ಡ ವಿಡಿಯೊ ಸೈಟಿಗೆ ಚನ್ನಪಟ್ಟಣದಲ್ಲಿ ಪರಮ ಶತ್ರುವೊಬ್ಬರಿದ್ದರು. ಈ ವಿಷಯ ಆ ಸೈಟಿನವರಿಗೆ ಇವತ್ತಿಗೂ ಗೊತ್ತಿಲ್ಲ, ಪಾಪ. ಶತ್ರು ಅಂದರೆ ಬೇರೆ ಯಾರೂ ಅಲ್ಲ, ನನ್ನ ಸೋದರಮಾವ.

ಮಾವ ಮದುವೆ ವಿಡಿಯೊ ತೆಗೆಯುತ್ತಿದ್ದರು. ಕನಕಪುರದಿಂದ ಮಾಗಡಿವರೆಗೆ ಅವರ ಲೈಟಿನ ಶಾಖಕ್ಕೆ ಬೆವರದ ಮದುಮಗಳಿಲ್ಲ. ಮದುವೆ ಇಲ್ಲದ ದಿನ ನಾಮಕರಣ, ಊರ ನಾಟಕ, ಏನೂ ಸಿಗದಿದ್ದರೆ ಯಾರದೋ ಎತ್ತಿನ ಜೋಡಿ. ಮನೆಯ ಅಟ್ಟದ ತುಂಬ ಕ್ಯಾಸೆಟ್ಟು.

ಬಿಡದಿ ಸುತ್ತ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ ಅದು. ನಾನು ಅಂಥದ್ದೊಂದರಲ್ಲಿ ಸ್ಟೋರ್ಸಿನ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಒಂದು ಭಾನುವಾರ ಮಾವನನ್ನು ಸೈಬರ್ ಸೆಂಟರಿಗೆ ಕರೆದೊಯ್ದು ಆ ದೊಡ್ಡ ಸೈಟು ತೋರಿಸಿದೆ. ಯಾವುದೋ ದೇಶದ ನಾಯಿಯೊಂದು ಸ್ನಾನ ಮಾಡಿಸಿಕೊಳ್ಳುತ್ತಿತ್ತು. ಅದನ್ನು ಲಕ್ಷಾಂತರ ಜನ ನೋಡಿದ್ದರು.

"ನಾಯಿ ಮೈ ತೊಳ್ಯದ್ನೇ ಇಷ್ಟು ಜನ ನೋಡವ್ರೆ. ನಮ್ಮೋರ ಮದ್ವೆ ನೋಡಕಿಲ್ವೇನ್ಲಾ?" ಅಂದರು ಮಾವ.

"ಇದ್ರಲ್ಲೇ ಹಾಕ್ಬೋದು ಮಾವ. ಪುಕ್ಕಟೆ."

"ಅವ್ರ ಜಗ್ಲೀಲಿ ನಮ್ಮ ಚಾಪೆ ಯಾಕ್ಲಾ ಹಾಸನ? ನಮ್ದೇ ಒಂದು ಸೈಟ್ ಮಾಡನ."

ಹೀಗೆ ನಾನು ಚೀಫ್ ಎಂಜಿನಿಯರ್ ಆದೆ.

"ನಾನೊಂದು ಸೈಟ್ ಮಾಡಿದೀನಿ" ಎಂದು ಮಾವ ಊರೆಲ್ಲ ಸಾರಿದರು. ಜಮೀನಿನ ಬೆಲೆ ಏರುತ್ತಿದ್ದ ಆ ದಿನಗಳಲ್ಲಿ ಜನ ಏನು ತಿಳಿದುಕೊಳ್ಳಬೇಕೋ ಅದನ್ನೇ ತಿಳಿದುಕೊಂಡರು. "ಎಲ್ಲಿ? ತರ್ಟಿ ಫಾರ್ಟಿನಾ? ಕಾರ್ನರಾ?" ಒಬ್ಬ ಬ್ರೋಕರ್ ಮನೆಗೇ ಬಂದು, ಕಾಫಿ ಕುಡಿದು, ಖಾತೆ ಯಾರ ಹೆಸರಲ್ಲಿದೆ ಎಂದು ವಿಚಾರಿಸಿದ. ಮಾವ ಕಂಪ್ಯೂಟರ್ ತೋರಿಸಿದರು. ಅವನು ಅದರ ಹಿಂದೆ ಬಗ್ಗಿ ನೋಡಿ ಎದ್ದು ಹೋದ.

ಸೈಟಿನ ಸರ್ವರ್ ಅಂದರೆ ನಡುಮನೆಯ ಹಳೇ ಕಂಪ್ಯೂಟರು. ಅತ್ತೆ ಅದಕ್ಕೆ ದಿನಾ ಕುಂಕುಮ ಇಡುತ್ತಿದ್ದರು. ಕರೆಂಟ್ ಹೋದರೆ ಸೈಟೂ ಹೋಗುತ್ತಿತ್ತು. ಅದಕ್ಕೆ ಮಾವ ಮೊದಲ ಪುಟದಲ್ಲೇ ಒಂದು ಸೂಚನೆ ಹಾಕಿಸಿದರು: 'ಕರೆಂಟ್ ಇಲ್ಲದಾಗ ಹಾಗೂ ಊಟದ ಹೊತ್ತಿನಲ್ಲಿ ಸೈಟು ಮುಚ್ಚಿರುತ್ತದೆ.'

"ಮುಚ್ಚಿದ್ಮೇಲೆ ಈ ಸೂಚನೆ ಕಾಣಲ್ಲ ಮಾವ."

"ಮೊದ್ಲೇ ಬಂದು ಓದ್ಕೊಂಡಿರ್ಬೇಕು."

ಓದಲಿಕ್ಕೆ ಯಾರಾದರೂ ಬರಬೇಕಲ್ಲ? ನೋಡುವವರಿಲ್ಲ ಎಂದು ಯಾರೂ ವಿಡಿಯೊ ಕೊಡಲಿಲ್ಲ. ವಿಡಿಯೊ ಇಲ್ಲ ಎಂದು ಯಾರೂ ನೋಡಲಿಲ್ಲ. ಸೊಪ್ಪು ಬಿಡಿಸುತ್ತಾ ಅತ್ತೆ ಹೇಳಿದರು: "ರೇಷ್ಮೆ ಗೂಡು ಮಾರೋರೆಲ್ಲ ರಾಮನಗರಕ್ಕೇ ಯಾಕೋಯ್ತಾರೆ? ಕೊಳ್ಳೋರೆಲ್ಲ ಅಲ್ಲೇ ಅವ್ರೆ ಅಂತ. ಇವ್ರು ನಮ್ಮನೆ ಬಾಗ್ಲಲ್ಲಿ ತಕ್ಕಡಿ ಇಟ್ಕಂಡು ಕೂತವ್ರೆ."

ಒಂದು ಸಲ ಮಾತ್ರ ಅದೃಷ್ಟ ಖುಲಾಯಿಸಿತು. ಕಲ್ಯದ ದನದ ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡಲು ಬಂದ ದಲ್ಲಾಳಿಯೊಬ್ಬನ ಹೆಗಲ ಟವೆಲ್ಲನ್ನು ಆ ಎತ್ತೇ ತಿಂದುಬಿಟ್ಟಿತ್ತು. ಮಾವನ ಕ್ಯಾಮೆರಾ ಅಲ್ಲೇ ಇತ್ತು. ವಿಡಿಯೊ ನಮ್ಮ ಸೈಟಿಗೆ ಏರಿತು. ನಮ್ಮ ಫ್ಯಾಕ್ಟರಿಯ ಹುಡುಗರೆಲ್ಲ ಒಟ್ಟಿಗೆ ನೋಡಲು ಕೂತರು, ಸೈಟು ಏದುಸಿರು ಬಿಡತೊಡಗಿತು. ಎತ್ತು ಟವೆಲ್ಲಿಗೆ ಬಾಯಿ ಹಾಕುತ್ತಲೇ ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು. ಟೀ ಕುಡಿದು ಬಂದರೂ ಟವೆಲ್ ಇನ್ನೂ ಬಾಯಲ್ಲೇ. ಮೇಲಿಂದ, ನೋಡುವವರು ಹೆಚ್ಚಿದಷ್ಟೂ ಏರುವ ಇಂಟರ್ನೆಟ್ ಬಿಲ್ಲು.

"ಇದ್ಯಾವ ವ್ಯಾಪಾರನ್ಲಾ? ಗಿರಾಕಿ ಬಂದಷ್ಟೂ ಲಾಸು!"

"ದೊಡ್ಡೋರಿಗೂ ಹಂಗೇ ಮಾವ. ಅವ್ರು ತಡ್ಕೋತಾರೆ."

ಅಷ್ಟರಲ್ಲಿ ಎತ್ತಿನ ಯಜಮಾನನೇ ಆ ವಿಡಿಯೊವನ್ನು ದೊಡ್ಡ ಸೈಟಿಗೆ ಹಾಕಿಸಿದ. ಕೇಳಿದರೆ, "ಜನ ಎಲ್ಲ ಅಲ್ಲೇ ಅವ್ರಲ್ಲಣ್ಣ" ಎಂದ. ಮಾವ ಅವನ ಜೊತೆ ಮಾತು ಬಿಟ್ಟರು. ಎತ್ತಿನ ಕಡೆಗೂ ತಿರುಗಿ ನೋಡಲಿಲ್ಲ. ಇದಾದ ವಾರದಲ್ಲೇ ಅತ್ತೆ ನಮ್ಮ ಸರ್ವರಿನ ಮುಂದೆಯೇ ಕೂತು ಆ ಸೈಟಿನಲ್ಲಿ ಸೀರೆಗೆ ಕುಚ್ಚು ಕಟ್ಟುವುದನ್ನು ನೋಡುತ್ತಾ ಸಿಕ್ಕಿಬಿದ್ದರು.

"ನಿಮ್ದ್ರಲ್ಲಿ ಐತಾ ಕುಚ್ಚು?" ಎಂದು ಅವರೇ ತಿರುಗಿ ಕೇಳಿದರು. ಮಾವ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಅಂದಿನಿಂದ ಆ ಸೈಟಿನ ಹೆಸರನ್ನೇ ಎತ್ತುತ್ತಿರಲಿಲ್ಲ. 'ಆ ಮನೆಯೋರು' ಅನ್ನುತ್ತಿದ್ದರು, ಬೇಲಿ ಜಗಳವಾದ ದಾಯಾದಿಗಳನ್ನು ಅಂದ ಹಾಗೆ.

ಆಗ ಅಕ್ಕೂರಿನಿಂದ ಒಬ್ಬ ಅಜ್ಜಿ ಬಂದರು. ಅವರ ಗಂಡ ಹೋಗಿ ತಿಂಗಳಾಗಿತ್ತು. ಒಬ್ಬಳೇ ಮಗಳು, ಮಿಲಿಟರಿಯವನ ಹೆಂಡತಿ, ದೂರದ ಜಮ್ಮುವಿನಲ್ಲಿದ್ದಳು. ತುಂಬಿದ ಬಸುರಿ, ಅಪ್ಪನ ಮಣ್ಣಿಗೂ ಬರಲಾಗಿರಲಿಲ್ಲ.

"ನಮ್ಮೂರ ನಾಟ್ಕ ಹಿಡ್ದಿದ್ಯಲ್ಲಪ್ಪ, ಅದ್ರಲ್ಲಿ ಅವ್ರಿದ್ರು. ಮಗ್ಳಿಗೆ ಒಂದು ಕಿತ ತೋರ್ಸಕ್ಕಾಯ್ತದಾ?"

ಮಾವ ಅಟ್ಟ ಹತ್ತಿ ಆ ಕ್ಯಾಸೆಟ್ ಹುಡುಕಿದರು. ಅಜ್ಜಿಯ ಗಂಡನದು ದ್ವಾರಪಾಲಕನ ಪಾರ್ಟು. ಇದ್ದದ್ದು ಒಂದೇ ಮಾತು. ಅದನ್ನೂ ಮರೆತು, ಈಟಿ ಹಿಡಿದುಕೊಂಡೇ ಪರದೆಯ ಹಿಂದೆ ಮಾತು ಹೇಳಿಕೊಡುವವನ ಕಡೆ ತಿರುಗಿ, "ಮುಂದುಕ್ಕೇನ್ಲಾ?" ಎಂದು ಕೇಳಿದ್ದರು. ಊರಿಗೆ ಊರೇ ನಕ್ಕಿತ್ತು.

ಮಾವ ಅದನ್ನು ನಮ್ಮ ಸೈಟಿಗೆ ಹಾಕಿದರು. ಬರೀ ಚಕ್ರ ತಿರುಗುತ್ತದೆ, ಏನೂ ಕಾಣುವುದಿಲ್ಲ ಎಂದು ಮಗಳು ಫೋನು ಮಾಡಿದಳು. ವೈರು ಬದಲಾಯಿಸಿದೆವು, ವಿಡಿಯೊ ಚಿಕ್ಕದು ಮಾಡಿದೆವು. ಚಕ್ರವೇ. ಮಾವ ಎದ್ದು ಶರಟು ಹಾಕಿಕೊಂಡರು.

"ನಡೀಲಾ, ಆ ಮನೆಗೇ ಹೋಗನ."

ಸೈಬರ್ ಸೆಂಟರಿನಲ್ಲಿ ವಿಡಿಯೊ ತೆವಳುತ್ತಾ ಏರುವಷ್ಟು ಹೊತ್ತೂ ಅವರು ಕೈಕಟ್ಟಿ ಕೂತಿದ್ದರು. ನನ್ನ ನಾಲಗೆಯ ತುದಿಯಲ್ಲಿ ಒಳ್ಳೆಯ ತಮಾಷೆಯೊಂದಿತ್ತು. ನುಂಗಿಕೊಂಡೆ.

ಮರುದಿನ ಬೆಳಿಗ್ಗೆ ಮಾವನ ಮನೆಗೆ ಮಗಳ ಫೋನು ಬಂತು. ಅಜ್ಜಿ ಮೊದಲೇ ಬಂದು ಕೂತಿದ್ದರು. ಮಾವ ರಿಸೀವರನ್ನು ಅವರ ಕಿವಿಗೆ ಹಿಡಿದರು. ಮಗಳು ತನ್ನ ಫೋನನ್ನು ಅಲ್ಲಿನ ಕಂಪ್ಯೂಟರಿನ ಪಕ್ಕ ಇಟ್ಟಳೆಂದು ಕಾಣುತ್ತದೆ. ಜಮ್ಮುವಿನಿಂದ ಆ ದನಿ ಸಣ್ಣಗೆ ನಮ್ಮ ನಡುಮನೆಗೆ ಬಂತು: "ಮುಂದುಕ್ಕೇನ್ಲಾ?" ಹಿಂದೆಯೇ ಊರಿನ ನಗು.

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಗು ನಿಂತ ಮೇಲೆ ರಿಸೀವರಿಗೆ ಮೆಲ್ಲಗೆ ಹೇಳಿದರು, "ಇನ್ನೊಂದು ಕಿತ ಹಾಕವ್ವ. ಒಸಿ ಜೋರಾಗಿ."

ಮಾವ ರಿಸೀವರ್ ಹಿಡಿದ ಕೈ ಅಲುಗಿಸಲಿಲ್ಲ. ಮುಖವನ್ನು ಮಾತ್ರ ಗೋಡೆಯ ಕಡೆ ತಿರುಗಿಸಿಕೊಂಡರು.