ಸಾತಪ್ಪನ ಕಣ್ಣುಪಟ್ಟಿ

ಈ ಕತೆಯನ್ನು ಮೊದಲು ಹೇಳಿದವಳು ಇಚಲಕರಂಜಿಯ ಯಮುನವ್ವ. ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಕಂಡಿಕೆಗೆ ನೂಲು ಸುತ್ತುವುದು ಅವಳ ಕೆಲಸ. ಹೋದ ವರ್ಷ ಪಂಚಮಿಯ ಮರುದಿನ, ಹಗಲುಪಾಳಿ ಮುಗಿಸಿದ ಹೆಂಗಸರು ಮನೆಯ ಕಡೆಗಿನ ರಿಕ್ಷಾ ಕಾಯುತ್ತ ಗೇಟಿನ ಮುಂದಿನ ಕಟ್ಟೆಯ ಮೇಲೆ ಕೂತಿದ್ದಾಗ ಹೇಳಿದ್ದು. ಆಮೇಲೆ ಬೇರೆಯವರೂ ಹೇಳಿದ್ದುಂಟು; ಅವರ ಬಾಯಲ್ಲಿ ಗೂಳಿಗೆ ಮೂರು ಕೋಡು ಮೂಡಿವೆ. ಯಮುನವ್ವನ ಗೂಳಿಗೆ ಎರಡೇ. ಆದ್ದರಿಂದ ಅವಳ ಪಾಠವನ್ನೇ ಇಲ್ಲಿ ಹಿಡಿದಿದೆ.

ಸಾತಪ್ಪನ ಕೈ ಬಂಗಾರ. ಕಣ್ಣು ಮಾತ್ರ ಹಗ್ಗ ಬಿಚ್ಚಿದ ಹೋತ. ನಾಲ್ಕು ಮಗ್ಗಗಳ ನಡುವೆ ನಿಂತು ಅವನು ದುಡಿಯಬೇಕು. ಉದ್ದಕ್ಕೆ ಹೂಡಿದ ಹಾಸಿನ ಒಂದು ಎಳೆ ಕಡಿದರೂ ಮಗ್ಗ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ. ಕೂಡಲೇ ಕಂಡು ಗಂಟು ಹಾಕದಿದ್ದರೆ ಬಟ್ಟೆಯ ಉದ್ದಕ್ಕೂ ಸೀಳು. ಇಷ್ಟು ತಿಳಿದೂ ಸಾತಪ್ಪನ ಕಣ್ಣು ಕಿಟಕಿಯ ಗುಬ್ಬಿಯ ಮೇಲೆ, ಬಾಗಿಲಿಗೆ ಬಂದ ಚಹಾದವನ ಮೇಲೆ, ಕಿಸೆಯಲ್ಲಿ ನಡುಗಿದ ಮೊಬೈಲಿನ ಮೇಲೆ. ಒಂದು ದಿನ ರಸ್ತೆಯಲ್ಲಿ ಎರಡು ಗೂಳಿ ಕಾದಾಡಿದವು. ಸಾತಪ್ಪ ಕಿಟಕಿಗೆ ಅಂಟಿಕೊಂಡ. ಜಗಳ ತೀರಿ ಅವನು ಮರಳುವಷ್ಟರಲ್ಲಿ ಬಟ್ಟೆ ಬಾಯಿ ತೆರೆದಿತ್ತು.

ಮಾಲಕ ಬಸಗೊಂಡ ಆ ಸೀಳನ್ನು ಕಣ್ಣಿಗೆ ಹಿಡಿದುಕೊಂಡ. "ಸಾತಪ್ಪಾ, ಇದರಾಗಿಂದ ನಾಂದಣಿ ಮಠ ಕಾಣಾಕತ್ತೈತೋ! ಕೈ ಮುಗಿ!"

"ಮಾಲಕ್ರ, ಕರೀ ಗೂಳಿ ಗೆದ್ದತ್ರಿ," ಎಂದ ಸಾತಪ್ಪ. ಆ ಗಳಿಗೆಗೆ ಅವನಿಗೆ ಹೊಳೆದದ್ದು ಅಷ್ಟೇ.

"ಗೆಲ್ಲಲಿ! ನಾಳೆ ನಿನ್ನ ಥಾನದಾಗ ಒಂದ ಸೀಳು ಕಂಡ್ರೂ ನಾಕೂ ಮಗ್ಗ ನಾಮದೇವಗ. ನೀ ಹಲಕರ್ಣಿಗೆ ಹೋಗಿ ಹೆಂಡ್ತಿ ಅಣ್ಣನ ಕಬ್ಬಿನಾಗ ಮಂಗ್ಯಾ ಓಡಸು!"

ಪಕ್ಕದ ಮಗ್ಗಗಳ ನಾಮದೇವ ಮೀಸೆಯಡಿ ನಕ್ಕ. ಸಾತಪ್ಪನಿಗೆ ಗೊತ್ತಿತ್ತು, ಹೆಂಡತಿಯ ಅಣ್ಣನ ಮನೆಯಲ್ಲಿ ಚಟ್ನಿಗಿಂತ ಮಾತಿಗೇ ಖಾರ ಹೆಚ್ಚು.

ಬೆಳಗಾಗುವಷ್ಟರಲ್ಲಿ ಸುದ್ದಿ ಓಣಿಯ ಸೊತ್ತಾಗಿತ್ತು. ಹೆಂಡತಿ ದುರ್ಗವ್ವ ಮೊಬೈಲನ್ನು ಕಸಿದು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಳು. ನೆರೆಮನೆಯ ಅಕ್ಕವ್ವ ಕರೆಯದೆಯೇ ಒಳಗೆ ಬಂದಳು. ಅವಳ ತವರಿನಲ್ಲಿ ಎಣ್ಣೆಯ ಗಾಣವಿತ್ತು. ಜಗತ್ತಿನ ಯಾವ ತೊಡಕಿಗೂ ಅವಳ ಬಳಿ ಗಾಣದ ಒಂದು ಉಪಾಯವಿತ್ತು.

"ಗಾಣದೆತ್ತು ಯಾಕ ದಾರಿ ಬಿಡೂದಿಲ್ಲ ಹೇಳ ದುರ್ಗವ್ವಾ? ಕಣ್ಣಿಗೆ ಪಟ್ಟಿ ಕಟ್ಟಿರತಾರ!"

"ಇಂವ ಎತ್ತ ಅಲ್ಲಲ್ಲ ಯಕ್ಕಾ."

"ಎತ್ತಿನಷ್ಟ ಬುದ್ಧಿ ಇದ್ದಿದ್ರ ನಾ ಯಾಕ ಬರ್ತಿದ್ನಿ?"

ಹಬ್ಬಕ್ಕೆ ತಂದ ಪೇಢೆಯ ಡಬ್ಬಿಯನ್ನು ಅಕ್ಕವ್ವ ಎರಡಾಗಿ ಕತ್ತರಿಸಿ, ದಾರ ಪೋಣಿಸಿ, ಸಾತಪ್ಪನ ಕಣ್ಣುಗಳ ಎರಡೂ ಬದಿಗೆ ಕಟ್ಟಿದಳು. ಕೆಂಪು ಡಬ್ಬಿ, ಅಂಚಿಗೆ ಬಂಗಾರದ ಬೇಗಡೆ. ಕಿವಿಗೆ ಹತ್ತಿ ತುರುಕಿದಳು.

"ಇದನ್ನ ಕಟಗೊಂಡು ಓಣ್ಯಾಗ ಹೆಂಗ ಹೋಗ್ಲಿ?"

"ನೆಟ್ಟಗ ಹೋಗ್ರಿ!" ಎಂದು ದುರ್ಗವ್ವ ಕೂಗಿದಳು.

ಅವನು ನೆಟ್ಟಗೇ ಹೋದ. ರಸ್ತೆ ತಿರುಗಿದಲ್ಲಿ ತಿರುಗದೆ ಕ್ಷೌರದಂಗಡಿ ಹೊಕ್ಕು, ಒಂದು ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡೇ ಹೊರಬಿದ್ದ. ಅದೇ ಮೋರೆಯಲ್ಲಿ ಶೆಡ್ಡು ಸೇರಿ ಮಗ್ಗ ಹೂಡಿದ.

ಮಗ್ಗಗಳ ಗದ್ದಲದಲ್ಲಿ ಪಕ್ಕದವನ ಮಾತೂ ಕೇಳದು. ಅಲ್ಲಿನವರು ಮಾತಾಡುವುದು ಕೈಸನ್ನೆಯಲ್ಲಿ. ನಾಮದೇವ ತಲೆಯ ಮೇಲೆ ಎರಡು ಬೆರಳು ನಿಲ್ಲಿಸಿ ಕೋಡು ಮಾಡಿದ. ಬೆರಳನ್ನು ಗಿರಗಿರ ತಿರುಗಿಸಿ ಗಾಣ ಆಡಿಸಿದ. ಒಂದು ಸದ್ದೂ ಇಲ್ಲದೆ ಆ ಸುದ್ದಿ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಕಾಳ್ಗಿಚ್ಚಿನಂತೆ ಓಡಿತು. ಒಬ್ಬೊಬ್ಬರಾಗಿ ತಮ್ಮ ಮಗ್ಗ ಬಿಟ್ಟು ಬಂದರು. ಸುಮಿತನೆಂಬ ಹುರುಪಿನ ನೇಕಾರ ವಿಡಿಯೋ ತೆಗೆದು ಗ್ರೂಪಿಗೆ ಹಾಕಿದ. ಎದುರಿನ ಶೆಡ್ಡಿನವರೂ ಬಂದರು. ಯಾರೋ ಸಾತಪ್ಪನ ಹಿಂದೆ ಹಾಳು ನೂಲಿನ ಬಾಲ ಕಟ್ಟಿದರು. ಯಾರೋ ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿ ಊದುಬತ್ತಿ ಬೆಳಗಿದರು.

ಸಾತಪ್ಪನಿಗೆ ಇದೊಂದೂ ಕಾಣಲಿಲ್ಲ. ಕಂಡದ್ದು ನೂಲು. ಬಿಳಿಯ ಎಳೆಗಳು ಜಡಿಮಳೆಯಂತೆ ಎದುರು ಬರುತ್ತಿದ್ದವು. ನಡುವೆ ಲಾಳಿ ಮೀನಿನಂತೆ ಹಾರುತ್ತಿತ್ತು. ಎಳೆಯೊಂದು ಕಡಿಯುವ ಮುನ್ನವೇ ಬೆರಳಿಗೆ ತಿಳಿಯುತ್ತಿತ್ತು. ಗಂಟು! ಮುಂದಿನ ಮಗ್ಗಕ್ಕೆ ತಿರುಗು! ಮತ್ತೊಂದು ಗಂಟು! ಇಷ್ಟು ವರ್ಷ ಈ ಸುಖ ಎಲ್ಲಿ ಅಡಗಿತ್ತೆಂದು ಅವನ ಎದೆ ಕುಣಿಯಿತು.

ಒಂದೇ ಒಂದು ಸಲ ಅವನು ಜಾರುವುದರಲ್ಲಿದ್ದ. ನಾಮದೇವ ಸರಕ್ಕನೆ ಪಟ್ಟಿಯ ಮುಂದೆಯೇ ಬಂದು ನಿಂತು, ತಲೆಗೆ ಕೋಡು ಮಾಡಿ, ಕಣ್ಣರಳಿಸಿದ. ಸಾತಪ್ಪನಿಗೆ ಅದು ತನ್ನ ಅಣಕವೆಂದು ತಿಳಿಯಲಿಲ್ಲ. ಗೂಳಿ! ರಸ್ತೆಯಲ್ಲಿ ಮತ್ತೆ ಗೂಳಿ! ಕರಿಯದೋ, ಬಿಳಿಯದೋ? ಕುತ್ತಿಗೆ ತಂತಾನೇ ಕಿಟಕಿಯ ಕಡೆ ಎಳೆಯಿತು. ಆಗ ಕಣ್ಣ ಮುಂದೆ ಹಲಕರ್ಣಿಯ ಮಂಗಗಳು ಸಾಲಾಗಿ ಹಲ್ಲು ಕಿರಿದವು. ಸಾತಪ್ಪ ಹಲ್ಲು ಕಚ್ಚಿ ಗಂಟು ಹಾಕಿದ.

ಸಂಜೆ ಬಸಗೊಂಡ ಅಡಿಯಲ್ಲಿ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಬಟ್ಟೆಯ ಥಾನ ಬಿಚ್ಚಿಸಿದ. ಸಾತಪ್ಪನ ಬಟ್ಟೆ ಕೆನೆಗಟ್ಟಿದ ಹಾಲು; ಸೀಳಿಲ್ಲ, ಕಲೆಯಿಲ್ಲ. ಮಾಲಕನ ಮುಖ ಅರಳಿತು. ನಾಮದೇವನದು ಬಿಚ್ಚಿದರು: ಸೀಳು. ಸುಮಿತನದು: ಎರಡು ಸೀಳು. ಮುಂದಿನದು, ಅದರ ಮುಂದಿನದು, ಇಡೀ ಶೆಡ್ಡಿನ ಬಟ್ಟೆಯೊಳಗಿಂದ ದೀಪ ಚಿಕ್ಕೆಗಳಂತೆ ಮಿನುಗಿತು.

"ಏನಾಗೈತ್ರೋ ನಿಮಗ? ಎಲ್ಲಿ ನೋಡಾಕತ್ತಿದ್ರಿ?"

ಎಲ್ಲರ ಬೆರಳೂ ಒಂದೇ ಕಡೆ ತಿರುಗಿದವು. ಅಲ್ಲಿ ಮಾಲೆ, ಬಾಲ, ಅರ್ಧ ಗಲ್ಲದ ಒಣಗಿದ ನೊರೆ, ಪೇಢೆಯ ಡಬ್ಬಿ.

ಬಸಗೊಂಡ ಹೋಗಿ ಅವನ ಕಿವಿಯ ಹತ್ತಿ ಕಿತ್ತ.

"ಮಾಲಕ್ರ, ಸೀಳಿಲ್ಲಲ್ರಿ?" ಸಾತಪ್ಪ ಸಂಭ್ರಮದಿಂದ ಕೇಳಿದ.

"ನಿಂದೊಂದರಾಗ ಇಲ್ಲ! ಉಳದಾವೆಲ್ಲಾ ಜಾಳಗಿ! ಕೊಟ್ಟ ಮಾತು ತಪ್ಪಾಂವಲ್ಲ ನಾ. ಸೀಳು ಬಿದ್ರ ಹಲಕರ್ಣಿ ಅಂದಿದ್ನಿ, ಬಿದ್ದಿಲ್ಲ, ಹೋಗೂದ ಬ್ಯಾಡ. ಆದ್ರ ನೀ ಒಳಗಿದ್ರ ನಾ ಊರ ಬಿಡಬೇಕಾಕ್ಕೈತಿ. ನಾಳಿಂದ ಗೇಟಿನಾಗ ಕುಂದ್ರು. ದನಾ ನೋಡು, ಮಂದಿ ನೋಡು, ಹಗಲೆಲ್ಲಾ ನೋಡು. ನೋಡೂದ ನಿನ್ನ ಕೆಲಸ!"

ಹಾಗೆಂದವನೇ ಪಟ್ಟಿ ಬಿಚ್ಚಿ ನಾಮದೇವನ ತಲೆಗೆ ಕಟ್ಟಿದ. "ನಾಕೂ ಮಗ್ಗ ನಿಂದು. ಇದೂ ನಿಂದ." ಉಳಿದವರತ್ತ ತಿರುಗಿದ: "ನಾಳೆ ಯಾವನರೆ ಮಗ್ಗದಿಂದ ತಲಿ ಎತ್ತಿದ್ರ ಅಂವಾ ಮನಿಗೆ!"

"ಅರೇ ದೇವಾ!" ಎಂದ ನಾಮದೇವ, ಡಬ್ಬಿಯ ಒಳಗಿನಿಂದ.

ಮರುದಿನ ಸಾತಪ್ಪ ಗೇಟಿನ ಸ್ಟೂಲಿನ ಮೇಲೆ ಕೂತ. ಕಂಬದ ಸಂದಿಯಲ್ಲಿ ಜೇಡವೊಂದು ಬಲೆ ನೇಯುತ್ತಿತ್ತು. ಹಾಸು ಹಾಕಿದೆ, ಈಗ ಅಡ್ಡಕ್ಕೆ ಹೊಕ್ಕು! ಒಂದೂ ಎಳೆ ತಪ್ಪುತ್ತಿಲ್ಲ! ನಿನ್ನೆಯ ಸುಖ ಮತ್ತೆ ಮೈಗೇರಿತು. ಅವನು ಬಾಗಿದ, ಜಗತ್ತು ಮುಚ್ಚಿಕೊಂಡಿತು.

ಕರಿಯ ಗೂಳಿ ಬಂದದ್ದು ಆಗಲೇ. ತೆರೆದ ಗೇಟು ಕಂಡು ಸಾವಕಾಶ ಒಳಗೆ ನಡೆಯಿತು. ಅದರ ಬಾಲ ಸಾತಪ್ಪನ ಕಿವಿಗೆ ಬಡಿಯಿತು. "ಚೇಷ್ಟಿ ಮಾಡಬ್ಯಾಡೋ ನಾಮದೇವಾ," ಎಂದು ಅವನು ಕೈಯಾಡಿಸಿದ. ಶೆಡ್ಡಿನಲ್ಲಿ ಎಲ್ಲರಿಗೂ ಗಂಜಿ ಹಚ್ಚಿದ ನೂಲಿನ ವಾಸನೆಯ ಜೊತೆ ಗೂಳಿಯ ವಾಸನೆಯೂ ಬಂತು. ಆದರೆ ತಲೆ ಎತ್ತಿದವನು ಮನೆಗೆ! ನಾಮದೇವ ಪಟ್ಟಿಯೊಳಗೆ ಎಳೆ ಎಣಿಸುತ್ತಿದ್ದ. ಗೂಳಿ ಅವನ ಬೆನ್ನ ಹಿಂದೆ ನಿಂತು ನಿನ್ನೆಯ ಆ ಸೀಳಿಲ್ಲದ ಥಾನವನ್ನು ಅಂಚಿನಿಂದ ಮೇಯತೊಡಗಿತು.

ಬಸಗೊಂಡ ಚೀರುತ್ತ ಗೇಟಿಗೆ ಓಡಿಬಂದ. "ಸಾತಪ್ಪಾ! ಒಳಗ ಯಾರ ಹೋದ್ರೋ?"

ಸಾತಪ್ಪ ತಿರುಗಲಿಲ್ಲ. ತುಟಿಗೆ ಬೆರಳಿಟ್ಟುಕೊಂಡು ಪಿಸುಗುಟ್ಟಿದ. "ಶ್ಶ್! ಸುಮ್ಮನಿರ್ರಿ ಮಾಲಕ್ರ. ಇನ್ನ ಎರಡ ಎಳಿ ಉಳದಾವ್ರಿ."

"ಹಂಗಾರ ಹಲಕರ್ಣ್ಯಾಗ ಮಂಗ್ಯಾ ಹೆಂಗದಾವಂತ?" ಎಂದು ಕಟ್ಟೆಯ ಮೇಲೆ ಕತೆ ಕೇಳುತ್ತಿದ್ದ ಋತುಜಾ ಕೇಳಿದಳು.

"ಆರಾಮ ಅದಾವಂತ," ಎಂದಳು ಯಮುನವ್ವ. "ಇಂವಾ ಕಬ್ಬಿನ ಹೂವು ನೋಡ್ಕೋತ ಕುಂತಿರತಾನಂತ."

ಹೆಂಗಸರು ನಕ್ಕು ಕಣ್ಣೊರೆಸಿಕೊಂಡು ರಸ್ತೆಯ ಕಡೆ ನೋಡಿದರು. ಕತ್ತಲಾಗಿತ್ತು. "ರಿಕ್ಷಾ ಯಾಕ ಇನ್ನೂ ಬಂದಿಲ್ಲ?"

"ರಿಕ್ಷಾದಾಂವ ಬಂದಿದ್ನಲ್ರಿ," ಎಂದ ಎದುರಿನ ಚಹಾದವನು. "ನಿಮ್ಮ ಮುಂದ ನಿಂತು ಹಾರ್ನ್ ಹೊಡದು ಹೊಡದು ಸಾಕಾಗಿ ಹೋಗ್ಯಾನ."

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಸೆರಗು ಕೊಡವಿಕೊಂಡು, ಡಬ್ಬಿಯ ಚೀಲ ಹೆಗಲಿಗೇರಿಸಿ, ಒಬ್ಬೊಬ್ಬರಾಗಿ ಎದ್ದು ಮನೆಯ ದಾರಿ ಹಿಡಿದು ನಡೆದರು.