ಸಾಹೇಬರ ತಟ್ಟೆ

ಎಲ್ಲದಕ್ಕೂ ಕಾರಣ ಒಂದು ದವಡೆ ಹಲ್ಲು. ಅದು ಜುಂಜಪ್ಪನದಲ್ಲ, ಬೆಂಗಳೂರಿನಿಂದ ಬಂದ ಸಾಹೇಬರದು. ಜುಂಜಪ್ಪನ ಮೂವತ್ತೆರಡು ಹಲ್ಲೂ ಗಟ್ಟಿಯಾಗಿದ್ದವು. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅವಕ್ಕೆ ಸವೆಯುವಷ್ಟು ಕೆಲಸವೇ ಸಿಕ್ಕಿರಲಿಲ್ಲ.

ಜಗಳೂರು ಕಡೆಯ ಕುರಿಹಟ್ಟಿಯೊಂದರಲ್ಲಿ ಹುಟ್ಟಿ, ಹಾಸ್ಟೆಲಿನ ನೀರುಸಾರು ಕುಡಿದು ಇತಿಹಾಸದಲ್ಲಿ ಎಂ.ಎ. ಮಾಡಿದ್ದ ಅವನು ಚನ್ನಗಿರಿಯ ಪೇಟೆ ಬೀದಿಯ ವಾಚನಾಲಯದಲ್ಲಿ ಮೂರು ವರ್ಷದಿಂದ ದಿನಗೂಲಿ ಮೇಲಿದ್ದ. ಬೆಳಿಗ್ಗೆ ಪತ್ರಿಕೆಗಳನ್ನು ದಾರದಲ್ಲಿ ಹೊಲಿಯುವುದು, ಸಂಜೆ ಅವನ್ನೇ ವಾಚನಾಲಯದ ಅಧ್ಯಕ್ಷ, ಅಡಿಕೆ ಮಂಡಿಯ ಮಲ್ಲಿಕಾರ್ಜುನಪ್ಪನವರ ಮನೆಗೆ ಒಯ್ದು ಜಗಲಿಯ ಮೇಲಿಟ್ಟು ಬರುವುದು. ಅವನ ಎಂ.ಎ.ಗೆ ಊರು ಕೊಟ್ಟಿದ್ದ ಕೆಲಸ ಇಷ್ಟೇ.

೧೯೮೪ರ ಜನವರಿಯಲ್ಲಿ ಬೆಂಗಳೂರಿನ ಇಲಾಖೆಯೊಂದು ‘ಊರು ನಡಿಗೆ’ ಎಂಬ ಯೋಜನೆ ಹೊರಡಿಸಿತು. ಪರಊರಿನವರು ಬಸ್ಸಿಳಿದರೆ ಒಬ್ಬ ಮಾರ್ಗದರ್ಶಿ ಅವರನ್ನು ಬೀದಿ ಬೀದಿ ನಡೆಸಿಕೊಂಡು ಹೋಗಿ ಊರಿನ ಚರಿತ್ರೆ ಹೇಳಬೇಕು, ನಡುನಡುವೆ ಊರಿನ ತಿಂಡಿ ತಿನ್ನಿಸಬೇಕು. ಮಾರ್ಗದರ್ಶಿಯ ಹುದ್ದೆ ಕಾಯಂ. ಒಬ್ಬ ಸಾಹೇಬರು ಬಂದು ಒಂದು ಸಲ ನಡೆದು ನೋಡಿ, ಯಾರನ್ನು ನೇಮಿಸಬೇಕೆಂದು ವರದಿ ಬರೆಯುತ್ತಾರೆ.

ಜುಂಜಪ್ಪನ ಬಳಿ ಆಗಲೇ ಅರವತ್ತು ಪುಟದ ಒಂದು ನೋಟ್‌ಬುಕ್ ಇತ್ತು. ಭಾನುವಾರಗಳಲ್ಲಿ ಗುಡ್ಡ ಹತ್ತಿ, ಕಲ್ಲಿನ ಮೇಲಿನ ಪಾಚಿ ಉಜ್ಜಿ ಬರೆದದ್ದು. ಅದರ ಕೊನೆಯ ಐದು ಪುಟಗಳೆಂದರೆ ಅವನ ಪ್ರಾಣ. ಗುಡ್ಡದ ಮೇಲಿನ ಕೋಟೆಯ ಎರಡನೆಯ ಬಾಗಿಲ ಪಕ್ಕದಲ್ಲಿ ಮೊಣಕಾಲೆತ್ತರದ ಒಂದು ಕೆತ್ತನೆ. ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕೂತು ತಟ್ಟೆಯಿಂದ ತುತ್ತು ಎತ್ತುತ್ತಿದ್ದಾನೆ. ಊರಿನವರು ಅದಕ್ಕೆ ಸುಣ್ಣ ಬಳಿದು ಮರೆತಿದ್ದರು. ಜುಂಜಪ್ಪ ಸುಣ್ಣ ಕೆರೆದು, ಕೆಳಗಿನ ಅಕ್ಷರ ಓದಿ ಕಂಡುಹಿಡಿದಿದ್ದ. ಇವನು ಪಾಳೆಯಗಾರನಿಗಿಂತ ಮೊದಲು ತಿಂದು, ಊಟದಲ್ಲಿ ವಿಷವಿಲ್ಲ ಎಂದು ತೋರಿಸುತ್ತಿದ್ದವನು. ಕಲ್ಲಿನಲ್ಲಿ ಒಡೆಯನ ಹೆಸರಿತ್ತು, ತಟ್ಟೆಯ ತೂಕವೂ ಇತ್ತು. ತಿಂದವನ ಹೆಸರಿರಲಿಲ್ಲ.

ಈ ಐದು ಪುಟ ಸಾಹೇಬರ ಕಿವಿಗೆ ಬಿದ್ದರೆ ಹುದ್ದೆ ತನ್ನದೇ ಎಂದು ಜುಂಜಪ್ಪ ಒಂದು ವಾರ ಕನ್ನಡಿಯೆದುರು ನಿಂತು ಬಾಯಿಪಾಠ ಮಾಡಿದ.

“ಚರಿತ್ರೆ ನೀನ್ ನೋಡ್ಕ. ತಿಂಡಿ ನಾನ್ ನೋಡ್ಕಂತೀನಿ,” ಎಂದಿದ್ದರು ಮಲ್ಲಿಕಾರ್ಜುನಪ್ಪ. ನೋಡಿಕೊಂಡರು ಕೂಡ. ನಾಲ್ಕು ಕಡೆ ತಿಂಡಿ ನಿಗದಿಯಾಯಿತು. ಒಂದು ಅವರ ಮನೆ, ಉಳಿದ ಮೂರು ಅವರ ನೆಂಟರವು.

ಆ ದಿನ ಬೆಳಿಗ್ಗೆ ಎಂಟಕ್ಕೆ ಪ್ರವಾಸಿ ಬಂಗಲೆಯ ಮುಂದೆ ಮೂವರು ನಿಂತಿದ್ದರು. ಮಲ್ಲಿಕಾರ್ಜುನಪ್ಪ, ಕೊಡೆ ಹಿಡಿಯಲೆಂದು ಅವರ ಹೆಂಡತಿಯ ತಮ್ಮ ಮಹೇಶ್ವರಪ್ಪ, ಇಸ್ತ್ರಿ ಮಾಡಿದ ಅಂಗಿಯಲ್ಲಿ ಜುಂಜಪ್ಪ. ಮಹೇಶ್ವರಪ್ಪ ಎಸ್ಸೆಸ್ಸೆಲ್ಸಿಯನ್ನು ಮೂರು ಸಲ ಕಟ್ಟಿ, ಮೂರು ಸಲವೂ ಅದನ್ನು ಸರ್ಕಾರಕ್ಕೇ ವಾಪಸು ಬಿಟ್ಟವನು.

ಸಾಹೇಬರು ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಹೊರಬಂದು, ಜುಂಜಪ್ಪನನ್ನು ಪಕ್ಕಕ್ಕೆ ಕರೆದರು.

“ನೋಡಿ, ದವಡೆ ಹಲ್ಲು ಸಿಡೀತಾ ಇದೆ. ಏನನ್ನೂ ಬಾಯಿಗೆ ಇಡೋ ಹಾಗಿಲ್ಲ. ಆದರೆ ಜನಕ್ಕೆ ಬೇಜಾರಾಗಬಾರದು. ನೀವು ಹೇಗಾದರೂ ನಿಭಾಯಿಸಿ.”

ಆ ಬೀದಿಯಲ್ಲಿ ‘ನೀವು’ ಎಂದು ಕರೆಸಿಕೊಂಡು ರೂಢಿಯಿಲ್ಲದ ಜುಂಜಪ್ಪ ಬೆಣ್ಣೆಯಂತೆ ಕರಗಿದ. “ಅದೆಲ್ಲ ನನಗೆ ಬಿಡ್ರಿ ಸಾರ್.”

ಮೊದಲ ಮನೆ ಮಲ್ಲಿಕಾರ್ಜುನಪ್ಪನವರದೇ. ಅವರ ಹೆಂಡತಿ ಕಲ್ಲಮ್ಮ ನಡುಮನೆಯಲ್ಲಿ ಮಣೆ ಹಾಕಿ, ಮೊರದಗಲದ ತಟ್ಟೆಯಲ್ಲಿ ಒಗ್ಗರಣೆ ಮಂಡಕ್ಕಿ, ಅದರ ಸುತ್ತ ಕಾವಲು ನಿಂತ ಸಿಪಾಯಿಗಳಂತೆ ಎಂಟು ಮೆಣಸಿನಕಾಯಿ ಬಜ್ಜಿ ತಂದಿಟ್ಟರು. ಸಾಹೇಬರು ಕೈಮುಗಿದು ಕೆನ್ನೆ ತೋರಿಸಿದರು.

“ಒಂದ್ ಕಾಳೂ ಮುಟ್ಲಿಲ್ವಲ್ರಿ!” ಎಂದರು ಕಲ್ಲಮ್ಮ.

“ಹಲ್ಲು ನೋವಂತ್ರಿ ಅಮ್ಮಾ,” ಎಂದ ಜುಂಜಪ್ಪ.

“ನೋವಾದ್ರೆ ಆತು, ತಟ್ಟೆ ಏನ್ ಮಾಡ್ಲಿ? ಸಂಕ್ರಾಂತಿ ಎದುರಿಗೈತೆ. ಬಡಿಸಿದ್ ತಟ್ಟೆ ಹಂಗೇ ಒಳಕ್ ತಗಂಡ್ ಹೋಗ್ಲಾ?”

ಬಂದವರಿಗೆ ಬಡಿಸಿದ ತಟ್ಟೆ ತುಂಬಿದ್ದಂತೆ ಅಡಿಗೆಮನೆಗೆ ತಿರುಗಿ ಹೋದರೆ ಮನೆಗೆ ಕೇಡು ಎನ್ನುವುದು ಆ ಬೀದಿಯ ಕಟ್ಟು. ಬಂದವರು ತಿನ್ನದಿದ್ದರೆ ಅವರ ಜೊತೆಗೆ ಬಂದವರು ತಿಂದು ಮುಗಿಸಬೇಕು. ಮನೆಯವರು, ನೆಂಟರು ತಿಂದರೆ ಅದು ಲೆಕ್ಕಕ್ಕಿಲ್ಲ. ಜುಂಜಪ್ಪ ಸುತ್ತ ನೋಡಿದ. ಮಲ್ಲಿಕಾರ್ಜುನಪ್ಪ ಮನೆಯವರು. ಮಹೇಶ್ವರಪ್ಪ ನೆಂಟ. ಉಳಿದ ಮೂರು ಮನೆಗಳಲ್ಲೂ ಅವರಿಬ್ಬರೂ ನೆಂಟರೇ.

“ಕರ್ಕಂಡ್ ಬಂದೋನ್ ನೀನಲ್ವೇನೋ? ಕುತ್ಕ,” ಎಂದರು ಕಲ್ಲಮ್ಮ. “ಸಾಹೇಬ್ರ ತಟ್ಟೆ ಅಂತ ನಡುಮನೇಲಿ ಕೊಡ್ತಿದೀನಿ. ಇದ್ನೇ ರೂಢಿ ಮಾಡ್ಕಬ್ಯಾಡ ಮತ್ತೆ.”

ಮೂರು ವರ್ಷ ಜಗಲಿಯ ಕಂಬದಾಚೆಯೇ ನಿಲ್ಲುತ್ತಿದ್ದ ಜುಂಜಪ್ಪ ನಡುಮನೆಯ ಮಣೆಯ ಮೇಲೆ ಕೂತ. ಸತ್ಯ ಹೇಳಬೇಕೆಂದರೆ ಅವನಿಗೆ ಸ್ವಲ್ಪ ಖುಷಿಯೇ ಆಯಿತು. ಹಿಂದಿನ ರಾತ್ರಿಯೂ ಉಂಡಿರಲಿಲ್ಲ.

ಐದನೆಯ ಬಜ್ಜಿ ಬಾಯಲ್ಲಿದ್ದಾಗ ಸಾಹೇಬರು ಕೇಳಿದರು: “ಈ ಪೇಟೆ ಯಾವ ಕಾಲದ್ದು?”

ಉತ್ತರ ಜುಂಜಪ್ಪನ ನಾಲಗೆಯ ತುದಿಯಲ್ಲಿತ್ತು, ಆದರೆ ನಾಲಗೆ ಉರಿಯುತ್ತಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು ನೋಟ್‌ಬುಕ್ಕಿನ ಕಡೆ ಕೈ ತೋರಿಸಿದ. ಮಹೇಶ್ವರಪ್ಪ ಅದನ್ನೆತ್ತಿಕೊಂಡು, ದೇವರ ಪಟಕ್ಕೆ ಮಂಗಳಾರತಿ ಹೇಳುವ ಧಾಟಿಯಲ್ಲಿ ಓದತೊಡಗಿದ. ಜುಂಜಪ್ಪ ತನಗಾಗಿ ಬರೆದುಕೊಂಡಿದ್ದನ್ನೂ ಬಿಡಲಿಲ್ಲ.

“…ಎತ್ತಿನ ಗಾಡಿಗಳು ಇದೇ ಬೀದಿಯಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ಇಲ್ಲಿ ಕೆಮ್ಮಿ, ಸಾಹೇಬರ ಮುಖ ನೋಡುವುದು.” ಓದಿ, ಕೆಮ್ಮಿ, ಸಾಹೇಬರ ಮುಖ ನೋಡಿದ.

“ಭೇಷ್!” ಎಂದರು ಸಾಹೇಬರು. “ಹುಡುಗ ಚೂಟಿ ಇದ್ದಾನೆ.”

ಹೊಂಡದ ಹತ್ತಿರ ಬೆನಕಪ್ಪನವರ ಮನೆ. ಅವರ ತಾಯಿ ಅಜ್ಜಮ್ಮನಿಗೆ ಎಂಬತ್ತು ವರ್ಷ, ಕಿವಿ ಮಂದ, ಕೈ ಧಾರಾಳ. ಆರು ಜೋಳದ ರೊಟ್ಟಿ, ಎಣ್ಣೆಗಾಯಿ, ಮುಷ್ಟಿಗಾತ್ರದ ಬೆಣ್ಣೆ. ಸಾಹೇಬರು ಕೆನ್ನೆ ತೋರಿಸಿದರು. ತಟ್ಟೆ ಜುಂಜಪ್ಪನ ಮುಂದೆ ಬಂತು.

“ಅಜ್ಜಿ, ಈಗಷ್ಟೇ ತಿಂದು ಬಂದೀನಿ. ಎರಡು ತೆಗೀರಿ.”

“ಇನ್ನೆರಡಾ? ಹಾಕ್ತೀನಿ ತಡಿಯಪ್ಪ,” ಎಂದು ಅಜ್ಜಮ್ಮ ಇನ್ನೆರಡು ಹಾಕಿದರು.

ಹೊರಗೆ ಹೊಂಡದ ಮೆಟ್ಟಿಲ ಮೇಲೆ ಮಹೇಶ್ವರಪ್ಪನ ದನಿ ಕೇಳುತ್ತಿತ್ತು. ಹತ್ತೊಂಬತ್ತನೆಯ ಪುಟದಿಂದ ಇಪ್ಪತ್ತೇಳರವರೆಗೆ. ಜುಂಜಪ್ಪ ರೊಟ್ಟಿ ಮುರಿಯುತ್ತ, ಅವನು ತಪ್ಪು ಓದಿದಲ್ಲೆಲ್ಲ “ಊಂ, ಊಂ” ಎಂದು ಮುಲುಗಿದ. ರುಚಿಗೆ ಮುಲುಗುತ್ತಿದ್ದಾನೆಂದು ಅಜ್ಜಮ್ಮ ಎಣ್ಣೆಗಾಯಿ ಬಡಿಸಿದರು.

ಗುಡ್ಡದ ಬುಡದಲ್ಲಿ ಅನ್ನಪೂರ್ಣಮ್ಮನವರ ಹೋಳಿಗೆ. ಇಲ್ಲಿಯಾದರೂ ಪಾರಾಗಬಹುದೆಂದು ಜುಂಜಪ್ಪ ಆಸೆಪಟ್ಟಿದ್ದ. ಅನ್ನಪೂರ್ಣಮ್ಮ ಅದನ್ನೇ ಹೇಳಿದರು: “ಹೋಳ್ಗಿ ತಿನ್ನಾಕೆ ಹಲ್ ಯಾಕ್ ಬೇಕ್ರಿ ಸಾಹೇಬ್ರೆ? ತುಟೀಲೇ ಕರಗ್ತೈತೆ.”

“ಸಿಹಿ ತಾಗಿದರೆ ಪ್ರಾಣ ಹೋಗುತ್ತೆ ತಾಯಿ,” ಎಂದರು ಸಾಹೇಬರು, ಕರವಸ್ತ್ರವನ್ನು ಇನ್ನೂ ಗಟ್ಟಿಯಾಗಿ ಒತ್ತಿ.

ನಾಲ್ಕು ಹೋಳಿಗೆ, ಮೇಲೆ ತುಪ್ಪ, ಅದರ ಮೇಲೆ ಬಿಸಿ ಹಾಲು. ಜುಂಜಪ್ಪ ಬೆಲ್ಟು ಸಡಿಲಿಸಿದ. ಗುಡ್ಡ ಹತ್ತುವಾಗ ಎರಡು ಚೀಲ ಅಡಿಕೆ ಹೊತ್ತ ಕತ್ತೆಯಂತೆ ಮೆಟ್ಟಿಲು ಮೆಟ್ಟಿಲಿಗೂ ನಿಂತ.

“ಏನಲೇ ಜುಂಜಪ್ಪ, ಚರಿತ್ರೆ ಹೇಳಾಕ್ ಬಂದ್ಯೋ, ಹೊಟ್ಟೆ ಹೊರಿಯಾಕ್ ಬಂದ್ಯೋ?” ಎಂದರು ಮಲ್ಲಿಕಾರ್ಜುನಪ್ಪ. “ಊರ್ ಮರ್ಯಾದೆ ತೆಗೀಬ್ಯಾಡ. ಸಾಹೇಬ್ರ ಮುಂದೆ ಹಿಂಗಾ ತಿನ್ನೋದು?”

ಬಾಯಿ ತೆಗೆದರೆ ಏನು ಹೊರಬರುತ್ತದೆಂಬ ಭರವಸೆ ಜುಂಜಪ್ಪನಿಗಿರಲಿಲ್ಲ. ಎರಡನೆಯ ಬಾಗಿಲು ಬರಲಿ, ಕಲ್ಲು ಬರಲಿ, ಅಲ್ಲಿ ಮಾತ್ರ ಮಾತಾಡುವುದು ತಾನೇ ಎಂದು ಹಲ್ಲು ಕಚ್ಚಿಕೊಂಡ.

ಎರಡನೆಯ ಬಾಗಿಲು ಬಂತು. ಕಲ್ಲಿನ ಪಕ್ಕದಲ್ಲೇ ಹೋಟೆಲಿನ ಮುರುಗೇಶಪ್ಪ ಸ್ಟೌ ಹೊತ್ತಿಸಿಕೊಂಡು ಕೂತಿದ್ದ. ಮಲ್ಲಿಕಾರ್ಜುನಪ್ಪನವರ ದೊಡ್ಡಪ್ಪನ ಮೊಮ್ಮಗ. ಕಾವಲಿಯ ಮೇಲೆ ಬೆಣ್ಣೆ ದೋಸೆ ಚುರ್ರೆನ್ನುತ್ತಿತ್ತು.

“ಸಾರ್,” ಎಂದ ಜುಂಜಪ್ಪ, ತಟ್ಟೆ ಬರುವ ಮೊದಲೇ. “ಈ ಕಲ್ಲು ನೋಡ್ರಿ. ಇಲ್ಲಿ ಕೂತಿರೋ ಮನುಷ್ಯ…”

ಬೆಣ್ಣೆಯ ಹೊಗೆ ಮೂಗಿಗೆ ಬಡಿಯಿತು. ಜುಂಜಪ್ಪ ಬಾಯಿಗೆ ಕೈ ಒತ್ತಿ ಬುರುಜಿನ ಹಿಂದೆ ಓಡಿದ. ನಾಲ್ಕು ಮನೆಯ ಮರ್ಯಾದೆಯಲ್ಲಿ ಮೂರು ಮನೆಯದು ಅಲ್ಲೇ ಕಳೆಯಿತು. ಗೋಡೆಗೆ ತಲೆಯಾನಿಸಿ ಏದುಸಿರು ಬಿಡುತ್ತಿದ್ದಾಗ, ಆಚೆಯಿಂದ ಅವನ ಐದು ಪುಟ ಅವನಿಗೇ ಕೇಳಿಸಿತು. ಮಹೇಶ್ವರಪ್ಪ ಈ ಸಲ ಒಂದಕ್ಷರವೂ ತಪ್ಪಲಿಲ್ಲ.

“…ಒಡೆಯನ ಹೆಸರಿದೆ, ತಟ್ಟೆಯ ತೂಕವಿದೆ. ತಿಂದವನ ಹೆಸರಿಲ್ಲ.”

“ಅದ್ಭುತ!” ಎಂದರು ಸಾಹೇಬರು. “ತಿಂದು ತೋರಿಸೋನು! ಎಂಥ ಒಳ್ಳೆ ಪದ್ಧತಿ ರೀ!”

ಜುಂಜಪ್ಪ ಬಾಯಿ ಒರೆಸಿಕೊಂಡು ಬಂದಾಗ ಸಾಹೇಬರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕರು. ಮುರುಗೇಶಪ್ಪ ದೋಸೆಯ ತಟ್ಟೆ ಚಾಚಿದ. ಬೀದಿಯ ಕಟ್ಟು ಗುಡ್ಡದ ಮೇಲೂ ಇತ್ತು. ಜುಂಜಪ್ಪ ತಿಂದ.

ಸಂಜೆ ನೋಟ್‌ಬುಕ್ ಕೇಳಿದರೆ ಮಹೇಶ್ವರಪ್ಪ, “ನಾಳೆ ಕೊಡ್ತೀನಿ ಬಿಡಪ್ಪ, ಇನ್ನೊಂದ್ಸಲ ಓದ್ಬೇಕು,” ಎಂದ. ಬರೆದವನು ತಾನೆಂದು ಸಾಹೇಬರಿಗೆ ಹೇಳಿಬಿಡಬೇಕೆಂದು ಜುಂಜಪ್ಪ ನೇರ ಬಂಗಲೆಗೆ ಹೋದ.

ಕಿಟಕಿ ತೆರೆದಿತ್ತು. ಸಾಹೇಬರು ಬನಿಯನ್ನಿನಲ್ಲಿ ಕೂತು, ಬೆಂಗಳೂರಿನಿಂದ ತಂದ ಡಬ್ಬಿಯಿಂದ ಕೋಡುಬಳೆ ತೆಗೆದು ಕಟುಂ ಕಟುಂ ಎಂದು ಕಡಿಯುತ್ತಿದ್ದರು. ಅದೇ ದವಡೆಯಿಂದ.

ಜುಂಜಪ್ಪನನ್ನು ಕಂಡು ಅವರೇನೂ ಗಾಬರಿಯಾಗಲಿಲ್ಲ. “ಬನ್ನಿ. ಹಲ್ಲಿನ ವಿಷಯ ತಾನೆ? ಏನು ಮಾಡೋದು ಹೇಳಿ, ಕಂಡಕಂಡವರ ಮನೇಲಿ ಯಾವ ನೀರೋ, ಯಾವ ಕೈಯೋ. ನನ್ನಂಥವರಿಗೇ ಹೆದರಿಕೆ ಅಂದ್ರೆ ಹೊರಗಿನ ಪ್ರವಾಸಿಗಳಿಗೆ ಹೇಗಿರಬೇಡ!”

“ಸಾರ್, ಆ ನೋಟ್‌ಬುಕ್ಕು… ಅದನ್ನ ಬರೆದಿದ್ದು…”

“ಗೊತ್ತು, ಗೊತ್ತು. ನಿಮ್ಮದೇ ಅಕ್ಷರ ಅಂತ ಹುಡುಗ ಹೇಳಿದ. ಅಕ್ಷರ ದುಂಡಗಿದೆ. ವರದಿಯಲ್ಲಿ ನಿಮ್ಮ ಹೆಸರು ಖಂಡಿತ ಬರುತ್ತೆ, ಹೋಗಿ.”

ಜುಂಜಪ್ಪನ ಕಣ್ಣು ತುಂಬಿತು. ಆ ಕ್ಷಣಕ್ಕೆ ಸಾಹೇಬರ ಕೋಡುಬಳೆಯನ್ನೂ ಕ್ಷಮಿಸಿದ. ಹಟ್ಟಿಯಲ್ಲಿದ್ದ ಅವ್ವ ತಿಪ್ಪಮ್ಮನಿಗೆ ಅಂದೇ ಕಾಗದ ಹಾಕಿದ: ಕೆಲಸ ಕಾಯಂ ಆಗುತ್ತದೆ.

ಆದೇಶ ಬಂದದ್ದು ಯುಗಾದಿ ಕಳೆದ ಮೇಲೆ. ಮಲ್ಲಿಕಾರ್ಜುನಪ್ಪ ಜಗಲಿಯಲ್ಲಿ ಕೂತು, ಕಂಬದಾಚೆ ನಿಂತ ಜುಂಜಪ್ಪನಿಗೆ ಕೇಳುವಂತೆ ಓದಿದರು. ಊರು ನಡಿಗೆ ಮಂಜೂರಾಗಿದೆ. ಚರಿತ್ರೆಯನ್ನು ಸ್ಪಷ್ಟವಾಗಿ ನಿರೂಪಿಸಿದ ಶ್ರೀ ಮಹೇಶ್ವರಪ್ಪನವರನ್ನು ಮಾರ್ಗದರ್ಶಿಯಾಗಿ, ಕಾಯಂ ಆಗಿ ನೇಮಿಸಲಾಗಿದೆ.

“ನಿಂದೂ ಐತೆ ಕಣೋ, ಕೇಳು,” ಎಂದು ಮುಂದುವರಿಸಿದರು. “‘ಕೋಟೆಯ ಪುರಾತನ ಪದ್ಧತಿಯಂತೆ, ಪ್ರವಾಸಿಗಳಿಗೆ ಧೈರ್ಯ ಬರುವ ಸಲುವಾಗಿ, ಪ್ರತಿ ಸ್ಥಳದಲ್ಲೂ ಒಬ್ಬನು ಮೊದಲು ತಿಂದು ತೋರಿಸತಕ್ಕದ್ದು. ಇದಕ್ಕೆ ಸದರಿ ಜುಂಜಪ್ಪನು ಅತ್ಯಂತ ಯೋಗ್ಯನು. ನಡಿಗೆ ಇರುವ ದಿನಗಳಿಗೆ ಮಾತ್ರ ಕೂಲಿ.’ ನೋಡ್ದ್ಯಾ? ಸರ್ಕಾರದ್ ಕಾಗ್ದದಾಗೆ ನಿನ್ ಹೆಸ್ರು!”

ಮೊದಲ ನಡಿಗೆಗೆ ದಾವಣಗೆರೆಯಿಂದ ಹನ್ನೊಂದು ಜನ ಬಂದರು. ಜುಂಜಪ್ಪ ಮಂಡಕ್ಕಿ ತಿಂದು ತೋರಿಸಿದ, ರೊಟ್ಟಿ ತಿಂದು ತೋರಿಸಿದ, ಹೋಳಿಗೆ ತಿಂದು ತೋರಿಸಿದ. ಎಲ್ಲವನ್ನೂ ಜಗಲಿಯ ಮೇಲೇ ಕೊಟ್ಟರು. ತಟ್ಟೆ ಈಗ ಸಾಹೇಬರದಲ್ಲವಲ್ಲ.

ಎರಡನೆಯ ಬಾಗಿಲ ಹತ್ತಿರ ಮಹೇಶ್ವರಪ್ಪ ಹೊಸ ಕೋಟಿನಲ್ಲಿ ನಿಂತು, ನೋಟ್‌ಬುಕ್ ನೋಡದೆಯೇ ಹೇಳಿದ. ಕೆಮ್ಮಬೇಕಾದಲ್ಲಿ ಕೆಮ್ಮಿ, ಮುಖ ನೋಡಬೇಕಾದಲ್ಲಿ ನೋಡಿ, ಕೊನೆಗೆ ದನಿ ಇಳಿಸಿದ: “ತಿಂದವನ ಹೆಸರಿಲ್ಲ.”

ಜನ ಲೊಚಗುಟ್ಟಿದರು. ಗುಂಪಿನಲ್ಲಿದ್ದ ಕನ್ನಡಕದ ಹೆಂಗಸೊಬ್ಬರಿಗೆ ತೀರಾ ಮನಸ್ಸಿಗೆ ತಾಗಿತು. “ಪಾಪ! ಅಷ್ಟೆಲ್ಲ ಬರೆಸಿದವರು ಅವನ ಹೆಸರೊಂದು ಬರೆಸಬಾರದಿತ್ತಾ?” ಎಂದು ಕಣ್ಣೊರೆಸಿಕೊಂಡರು. ಹಾಗೇ ತಿರುಗಿ, ಕಲ್ಲಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ದೋಸೆ ತಿನ್ನುತ್ತಿದ್ದವನನ್ನು ತೋರಿಸಿ ಕೇಳಿದರು:

“ಅಂದಹಾಗೆ, ಇವರ ಹೆಸರೇನು?”

ಜುಂಜಪ್ಪ ತಲೆಯೆತ್ತಿದ. ಬಾಯಿ ತುಂಬಿತ್ತು.

“ಅದ್ಯಾಕ್ ಬಿಡ್ರಿ ಅಮ್ಮಾರೆ,” ಎಂದ ಮಹೇಶ್ವರಪ್ಪ. “ಅವ್ನು ತಿಂದ್ನಲ್ಲ, ಏನೂ ಆಗ್ಲಿಲ್ಲ. ಬರ್ರಿ, ದೋಸೆ ಆರ್ತಾವೆ.”