ನಾನು ಹವಾಮಾನ ಓದಿದ ಬೇಸಿಗೆ

ಕೆಲವರ ಹಣೆಯಲ್ಲಿ ಬೆಚ್ಚಿಬೀಳುವುದನ್ನು ವರ್ಷಕ್ಕೊಮ್ಮೆ ಬರೆದಿರುತ್ತಾನೆ ಬ್ರಹ್ಮ. ನನ್ನ ಹಣೆಯಲ್ಲಿ, ಹೊಸಪೇಟೆಯ ಲೋಕಲ್ ಕೇಬಲ್ ಟೀವಿಯಲ್ಲಿ ಹವಾಮಾನ ಓದಿದ ಆ ಒಂದು ಬೇಸಿಗೆಗೆ, ವಾರಕ್ಕೊಂದರಂತೆ ಬರೆದಿದ್ದ. ಕೆಲವು ವಾರ ಕೈ ತಪ್ಪಿ ಎರಡೂ ಬರೆದಿದ್ದಾನೆ.

ಅದು ಮೈನಿಂಗ್ ಜೋರಿದ್ದ ಕಾಲ. ಸಂಡೂರು ಗುಡ್ಡದಿಂದ ಅದಿರಿನ ಲಾರಿಗಳು ಒಂದರ ಹಿಂದೊಂದು ಇಳಿದು ಬರುತ್ತಿದ್ದವು. ರಸ್ತೆ ದಾಟುವುದಿದ್ದರೆ ಮನೆಯಲ್ಲಿ ಹೇಳಿಯೇ ಹೊರಡಬೇಕು, ಹಂಗಿತ್ತು. ನಾನು ಖಾಸಗಿ ಶಾಲೆಯೊಂದರಲ್ಲಿ ಟೀಚರ್. ಬೇಸಿಗೆ ರಜೆಯಲ್ಲಿ ಸುಮ್ಮನೆ ಕೂರುವುದೇಕೆ ಅಂತ ಸಂಜೆ ಏಳೂವರೆಗೆ ಕೇಬಲ್ ಆಫೀಸಿಗೆ ಹೋಗಿ ನ್ಯೂಸ್ ಓದುತ್ತಿದ್ದೆ. ಕೊನೆಗೆ ಎರಡು ನಿಮಿಷ ಹವಾಮಾನ. ಅದನ್ನು ಚಾನೆಲ್ ಯಜಮಾನರು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು.

ಆ ಎರಡು ನಿಮಿಷದ ಮೇಲೆ ನಮ್ಮ ಮನೆಯವರದೆಲ್ಲ ಜೀವ. ಕಂಪ್ಲಿಯಲ್ಲಿ ನಮ್ಮ ಸೋದರಮಾವ ಬೇಸಿಗೆ ಭತ್ತ ಕೊಯ್ಸಿ ಕಣದಲ್ಲಿ ರಾಶಿ ಹಾಕಿದ್ದ. ಅದನ್ನು ರೈಸ್ ಮಿಲ್ಲಿಗೆ ಒಯ್ಯೋಣ ಅಂದರೆ ಲಾರಿಯೇ ಇಲ್ಲ. ಇದ್ದಬದ್ದ ಲಾರಿಗಳೆಲ್ಲ ಅದಿರು ಹೊರಲು ಹೋಗಿದ್ದವು, ಹಮಾಲರೂ ಅವುಗಳ ಹಿಂದೆಯೇ ಗುಡ್ಡ ಹತ್ತಿದ್ದರು. ಇಡೀ ಬೆಳೆ ಬಯಲಲ್ಲಿ ಬಿದ್ದಿತ್ತು. ಒಂದು ಜೋರು ಮಳೆ ಹೊಡೆದರೆ ಮುಗಿಯಿತು. ಮಾವ ದಿನಾ ತಪ್ಪದೆ ಟೀವಿ ಮುಂದೆ ಕೂತು ನನ್ನ ಹವಾಮಾನ ಕೇಳುತ್ತಾನೆ ಅಂತ ಅವನ ಹೆಂಡತಿ, ನಮ್ಮ ಅತ್ತಿ, ಹೇಳಿದಾಗ ನನಗೆ ಎಷ್ಟು ಹೆಮ್ಮೆ! ಪೆದ್ದಿ ನಾನು.

೧. ನಲವತ್ತೇಳು ಡಿಗ್ರಿ

ಮೊದಲ ದಿನ ಚೀಟಿಯಲ್ಲಿ ನಲವತ್ತಾರು ಡಿಗ್ರಿ. ಮರುದಿನ ನಲವತ್ತೇಳು. ಹೊಸಪೇಟೆಯವರಿಗೆ ಬಿಸಿಲು ಹೊಸದಲ್ಲ, ಆದರೂ ನಲವತ್ತೇಳು ಅಂದರೆ ಯಾರ ಎದೆಯಾದರೂ ಧಸಕ್ ಅನ್ನಬೇಕು.

ಹಂಪಿಯ ಗೈಡ್ ಒಬ್ಬರು ಫೋನ್ ಮಾಡಿ ರೇಗಾಡಿದರು. "ಮೇಡಮ್ಮಾರ, ನಿಮ್ಮ ನಲವತ್ತೇಳು ಕೇಳಿ ನಮ್ಮ ಗೆಸ್ಟುಗಳು ರೂಮ್ ಬಿಟ್ಟು ಹೊರಗ ಬರವಲ್ರು. ಇಲ್ಲಿ ನೋಡಿದ್ರ ಮುದುಕಿಯೊಬ್ಬಾಕಿ ಅರಾಮ ಕುಂತು ಕಲ್ಲಂಗಡಿ ಮಾರಾಕ ಹತ್ಯಾಳ!"

ಮುಂದೆ ಅಮಾವಾಸ್ಯೆ ದಿನ ಚೀಟಿಯಲ್ಲಿ ಏಕದಂ ಮೂವತ್ತೊಂಬತ್ತು. ಓದಿ ಮುಗಿಸುವಷ್ಟರಲ್ಲಿ ಫೋನ್ ಬಂತು. "ಅಕ್ಕಾರ, ಪುಣ್ಯ ಬರಲಿ ನಿಮಗ. ತಂಪಾತಂತ ಕೇಳಿ, ನಿನ್ನೆ ತಂದ ಕೂಲರ್ ವಾಪಸ್ ಕೊಟ್ಟು ಬಂದೆ." ಒಂದೇ ದಿನಕ್ಕೆ ಎಂಟು ಡಿಗ್ರಿ ಇಳಿಯುವುದೆಂದರೇನು? ಅನುಮಾನ ಬಂದು ಮರುದಿನ ಸಂಜೆ ಐದಕ್ಕೇ ಹೋದೆ. "ಸರ್, ಥರ್ಮಾಮೀಟರ್ ಎಲ್ಲೈತ್ರಿ?"

"ಹಿಂದಿನ ಗ್ವಾಡಿಗೆ ಐತಿ, ನೋಡ್ರಿ" ಅಂದರು ಯಜಮಾನರು.

ಹಿಂದೆ ಹೋಗಿ ನೋಡಿದರೆ ಅಯ್ಯ ಶಿವನೇ! ಗೋಡೆಯ ಮೊಳೆಗೆ ಥರ್ಮಾಮೀಟರ್, ಅದರ ಕೆಳಗೇ ಒಗ್ಗರಣೆ ಮಿರ್ಚಿಯವನ ಒಲೆ, ಒಲೆಯ ಮೇಲೆ ಕೊತಕೊತ ಕುದಿಯುವ ಎಣ್ಣೆ. ಅಮಾವಾಸ್ಯೆ ದಿನ ಅವನ ಅಂಗಡಿ ಬಂದ್ ಇತ್ತು. ಇಡೀ ಊರು ಒಂದು ವಾರದಿಂದ ಹೆದರಿದ್ದು ಮಿರ್ಚಿಯ ಕಾವಿಗೆ! ನಾನು ದಂಗುಬಡಿದು ನಿಂತೆ. ಮಿರ್ಚಿಯವನು ಜಾಲರಿ ಸೌಟು ಎತ್ತಿ ಬಲು ಮರ್ಯಾದೆಯಿಂದ ಕೇಳಿದ: "ಯಾಕ್ರಿ ಮೇಡಂ, ಹಂಗ ನಿಂತ್ರಿ? ನಾಳೆಗೆ ಎಷ್ಟು ಡಿಗ್ರಿ ಬೇಕು ಹೇಳ್ರಿ, ಉರಿ ಹಂಗ ಇಡ್ತೀನಿ."

೨. ಮಳೆ ಎಲ್ಲಿಂದ ಬರುತ್ತದೆ

ಆ ವಾರವೇ ಅದಿರು ವ್ಯಾಪಾರದವರೊಬ್ಬರು ಪೇಡೆಯ ಡಬ್ಬಿ ಹಿಡಿದು ಬಂದರು. ಬಿಳೀ ಅಂಗಿ, ಬೆರಳಿಗೊಂದು ಉಂಗುರ. "ಮೇಡಂ, ಸಂಡೂರು ಕಡೆ ಗುಡುಗು ಮಳಿ ಅಂತ ಓದಬ್ಯಾಡ್ರಿ. ನಮ್ಮ ಅದಿರು ಕೊಳ್ಳಾಕ ಬಂದ ಪಾರ್ಟಿಯವರು ಹೋಟೆಲಿನ್ಯಾಗ ಕುಂತು ನಿಮ್ಮನ್ನ ನೋಡ್ತಾರ. ಅದಿರು ತೊಯ್ತದಂತ ಹಿಂದ ಸರಿಯಾಕ ಹತ್ಯಾರ."

"ಮಳಿ ಏನು ನನ್ನ ಕೈಯಾಗ ಐತೇನ್ರಿ?"

"ಪೂರಾ ತಗೀರಿ ಅನ್ನವಲ್ಲೆ. ಒಂಚೂರು ಕೂಡ್ಲಿಗಿ ಕಡೆ ಸರಿಸ್ರಿ ಸಾಕು."

ನನಗೆ ಮೈ ಉರಿಯಿತು. ಯಜಮಾನರು ಬೈದು ಕಳಿಸುತ್ತಾರೆ ಅಂತ ಅವರ ಮುಖ ನೋಡಿದರೆ, ಅವರು ಒಂದು ಪೇಡೆ ಬಾಯಿಗೆ ಹಾಕಿಕೊಂಡು "ಸರಿಸೋಣ ಬಿಡ್ರಿ, ಅದಕ್ಕೇನಂತ" ಅಂದರು!

ಬಂದವರು ಹೋದ ಮೇಲೆ ಕೇಳಿಯೇಬಿಟ್ಟೆ. "ಸರ್, ಡಿಗ್ರಿ ಮಿರ್ಚಿ ಒಲಿಯಿಂದ ಬಂತು. ಮಳಿ ಎಲ್ಲಿಂದ ಬರ್ತದ?"

ಅವರಿಗೆ ನಾಚಿಕೆ ಪಾಚಿಕೆ ಏನೂ ಇಲ್ಲ. ಗೋಡೆಯ ಮೇಲಿನ ಜಾಹೀರಾತಿನ ಪಟ್ಟಿ ತೋರಿಸಿದರು. ಸೋಮವಾರ, ಮಂಗಳವಾರ ಹವಾಮಾನದ ಪ್ರಾಯೋಜಕರು ಕೂಲರ್ ಅಂಗಡಿಯವರು, ಆವತ್ತು ಉರಿಬಿಸಿಲು. ಬುಧವಾರ, ಗುರುವಾರ ಮಳೆಗೆ ಹೊದಿಸುವ ತಾಡಪತ್ರಿ ಮಾರುವ ಅಂಗಡಿಯವರು, ಆವತ್ತು ಗುಡುಗು ಸಿಡಿಲು. ಶನಿವಾರ, ಭಾನುವಾರ ಐಸ್‌ಕ್ರೀಮ್ ಅಂಗಡಿಯವರು, ಮತ್ತೆ ಬಿಸಿಲು. ನನಗೆ ತಲೆ ಗಿರ್ರ್ ಅಂತು. ಕಂಪ್ಲಿ ಕಣದಲ್ಲಿ ಮಾವನ ರಾಶಿ ಕಣ್ಣ ಮುಂದೆ ಬಂತು.

"ಮತ್ತ ಶುಕ್ರವಾರ?" ಅಂದೆ.

"ಶುಕ್ರವಾರ ಯಾವ ಪಾರ್ಟಿನೂ ಸಿಕ್ಕಿಲ್ರಿ. ಅದಕ್ಕ ಆವತ್ತು ಹವಾಮಾನನ ಇಲ್ಲ."

೩. ಕೆಂಪಗಾಗಿ ಬಂದ ಬೀಗರು

ಕೆಲಸ ಬಿಡಬೇಕಿತ್ತು, ಬಿಡಲಿಲ್ಲ. ಆ ಭಾನುವಾರ ನನ್ನನ್ನು ನೋಡಲು ಸಂಡೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಟೀವಿಯಲ್ಲಿ ಬರುವ ಹುಡುಗಿ ಅಂತ ನಮ್ಮವ್ವ ಅವರಿಗೆ ಹೇಳಿಟ್ಟಿದ್ದಳು. ಶನಿವಾರ ಸಂಜೆ ಐಸ್‌ಕ್ರೀಮ್ ಅಂಗಡಿಯವರ ಲೆಕ್ಕದಲ್ಲಿ "ನಾಳೆ ಆಕಾಶ ನಿರ್ಮಲ, ಉರಿಬಿಸಿಲು" ಅಂತ ನಗುನಗುತ್ತಾ ಓದಿದ್ದೆ.

ಭಾನುವಾರ ಮಧ್ಯಾಹ್ನ ಎಲ್ಲಿಂದ ಬಂತೋ ಮೋಡ, ಧೋ ಅಂತ ಅರ್ಧ ತಾಸು ಹೊಡೆಯಿತು. ಸಂಡೂರು ದಾರಿಯ ಗಿಡಗಂಟಿ, ಗಾಳಿ, ಎಲ್ಲದರಲ್ಲೂ ಅದಿರಿನ ಧೂಳು ಕೂತ ಕಾಲ ಅದು. ಲಾರಿಗಳು ಎರಚುವ ರಾಡಿ ಬೇರೆ. ಮೊದಲ ಮಳೆ ಅಂದರೆ ಕೆಂಪು ನೀರೇ.

ಅವ್ವ ಬಾಗಿಲು ತೆಗೆದವಳೇ ಕಿಟಾರನೆ ಕಿರುಚಿದಳು. "ಅಯ್ಯಯ್ಯೋ, ಆಕ್ಸಿಡೆಂಟು! ಯಾರಾದ್ರೂ ಆಟೋ ಕರೀರಿ!" ನಾನು ಸೀರೆ ಎತ್ತಿಕಟ್ಟಿ ಓಡಿಬಂದೆ. ನಾಲ್ಕು ಜನ, ಎರಡು ಬೈಕು. ಬಿಳೀ ಅಂಗಿ, ಬಿಳೀ ಪಂಚೆ, ಗಂಡಿನ ತಾಯಿಯ ಕೆನೆಬಣ್ಣದ ರೇಷ್ಮೆ ಸೀರೆ, ಎಲ್ಲ ತಲೆಯಿಂದ ಕಾಲಿನವರೆಗೆ ಕೆಂಪು. ಅವ್ವ ಅರಿಶಿನದ ಡಬ್ಬಿ ಹಿಡಿದು ಗಾಯ ಎಲ್ಲಿ ಅಂತ ಗಂಡಿನ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಸ್ನಾನ ಮಾಡಿಸಿದೆವು. ಗಂಡಸರು ನಮ್ಮಪ್ಪನ ಲುಂಗಿ, ಗಂಡಿನ ತಾಯಿ ಅವ್ವನ ಸೀರೆ ಉಟ್ಟು ಉಪ್ಪಿಟ್ಟು ತಿಂದರು. ಹೊರಡುವಾಗ ಗಂಡಿನ ತಾಯಿ ಅವ್ವನ ಕೈ ಹಿಡಿದು ಹೇಳಿದರು: "ಹುಡುಗಿನ್ನ ನೋಡಾಕಂತ ನಿನ್ನೆ ಮನೆಮಂದಿಯೆಲ್ಲಾ ಟೀವಿ ಮುಂದ ಕುಂತಿದ್ವಿ. ಲಕ್ಷಣವಾಗಿ ಅದಾಳ್ರಿ. ಆದ್ರ ಇಷ್ಟು ನಗುನಗುತ್ತಾ ಸುಳ್ಳು ಹೇಳಿದ್ರ, ನಾಳೆ ನಮ್ಮ ಮನ್ಯಾಗ ನಾವು ಹೆಂಗ ಹಿಡಿಯೋದ್ರಿ?"

ಅವ್ವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

೪. ಕಂಪ್ಲಿ ಬಸ್ಸು

ಬೀಗರು ಹೋದರೆ ಹೋಗಲಿ, ಮಾವನ ರಾಶಿ? ನಾನು ಬಿಸಿಲು ಅಂದಿದ್ದೆನಲ್ಲ! ಕಂಪ್ಲಿಗೆ ಫೋನ್ ಹಚ್ಚಿದೆ. ಅತ್ತಿ ಎತ್ತಿದಳು.

"ಅತ್ತಿ, ರಾಶಿ ತೊಯ್ತೇನು?"

"ಇಲ್ಲವ್ವಾ, ನಿಮ್ಮಾವ ನಿನ್ನೆನ ತಾಡಪತ್ರಿ ಹೊದಿಸಿದ್ದ."

"ಮಳಿ ಬರ್ತದಂತ ಅವನಿಗೆ ಹೆಂಗ ಗೊತ್ತಾತು?"

"ನಿನ್ನ ಹವಾಮಾನ ಕೇಳಿದ್ನಲ್ಲ."

ನನಗೆ ತಳಬುಡ ತಿಳಿಯಲಿಲ್ಲ. ಗುರುವಾರ ಬೆಳಿಗ್ಗೆ ಕಂಪ್ಲಿ ಬಸ್ಸು ಹತ್ತಿದೆ. ಹಿಂದಿನ ಸಂಜೆ ಬುಧವಾರ, ತಾಡಪತ್ರಿಯವರ ದಿನ, ಸಿಡಿಲು ಸಹಿತ ಭಾರಿ ಮಳೆ ಅಂತ ಓದಿದ್ದೆ. ಕಮಲಾಪುರ ದಾಟುತ್ತಿದ್ದಂತೆ ನೋಡುತ್ತೇನೆ, ರಸ್ತೆಯುದ್ದಕ್ಕೂ ಜನ ಖುಷಿಯಿಂದ ತಾಡಪತ್ರಿ ಕಿತ್ತೊಗೆದು ಭತ್ತ ಹರವುತ್ತಿದ್ದಾರೆ! ಬಸ್ಸು ನಿಂತಾಗ ಧೂಳಿಗೆಂದು ಮುಖಕ್ಕೆ ಸೆರಗು ಕಟ್ಟಿಕೊಂಡೇ ಕಿಟಕಿಯಿಂದ ಒಬ್ಬ ರೈತನನ್ನು ಕೇಳಿದೆ. "ಯಣ್ಣಾ, ಟೀವಿಯಾಗ ಮಳಿ ಅಂದಾರಲ್ಲೋ? ಹರವಾಕ ಹತ್ತೀರಿ?"

"ಅದಕ್ಕ ಹರವೋದು! ಆಯಮ್ಮ ಮಳಿ ಅಂದ್ಲಂದ್ರ ಬಿಸಿಲು ಗ್ಯಾರಂಟಿ. ಬಿಸಿಲು ಅಂದ್ಲಂದ್ರ ಓಡಿ ಹೋಗಿ ಮುಚ್ತೀವಿ. ಕಂಪ್ಲಿಯಾಗ ಒಬ್ಬ ಯಜಮಾನ ಈ ಲೆಕ್ಕ ಹಿಡಿದ್ನಂತ, ಈಗ ಈ ಸೀಮಿಯೆಲ್ಲಾ ಹಂಗ ಮಾಡ್ತದ."

ಕಂಪ್ಲಿಯ ಆ ಯಜಮಾನ ಯಾರು ಅಂತ ಕೇಳುವ ಅಗತ್ಯವೇ ಇರಲಿಲ್ಲ. ಸ್ವಂತ ಸೋದರಮಾವ! ದಿನಾ ತಪ್ಪದೆ ನನ್ನನ್ನು ಕೇಳುತ್ತಿದ್ದುದು ಇದಕ್ಕೆ! ಸೆರಗಿನೊಳಗೆ ನನ್ನ ಮುಖ ಕಾದ ಹೆಂಚಾಗಿತ್ತು. ಬಸ್ಸು ಹೊರಟಿತು. ರೈತ ಕೈಯೆತ್ತಿ ಕೂಗಿದ: "ಭಾಳ ದೊಡ್ಡ ಮನಸಿನ ಹೆಣಮಗಳು ಬಿಡ್ರಿ. ಒಂದು ದಿನಾನೂ ಕರೆಕ್ಟ್ ಹೇಳಿ ನಮಗ ಮೋಸ ಮಾಡಿಲ್ಲ!"

ಕಂಪ್ಲಿ ತನಕ ಹೋಗಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ಬಂದು ಅವ್ವನ ಮುಂದೆ ಕೂತು ಅತ್ತೆ.

೫. ನಾನು ನಿಜ ಹೇಳಿದ ದಿನ

ಮುಂದಿನ ಬುಧವಾರ ಮಧ್ಯಾಹ್ನ ಸರ್ಕಾರಿ ಕಚೇರಿಯ ಅಧಿಕಾರಿಯೊಬ್ಬರು ಖುದ್ದಾಗಿ ನಮ್ಮ ಆಫೀಸಿಗೆ ಬಂದರು. ನಾಳೆ ಮಧ್ಯಾಹ್ನದ ಮೇಲೆ ಕಂಪ್ಲಿ, ಹೊಸಪೇಟೆ ಕಡೆ ಬಿರುಗಾಳಿ, ಸಿಡಿಲು, ಆಲಿಕಲ್ಲು ಮಳೆ. ಮೇಲಿನಿಂದ ಬಂದ ಎಚ್ಚರಿಕೆ, ಜನರಿಗೆ ತಿಳಿಸಿ ಅಂದರು. ಆವತ್ತಿನ ಚೀಟಿಯಲ್ಲೂ ಭಾರಿ ಮಳೆ ಅಂತಲೇ ಇತ್ತು. ಬುಧವಾರ ತಾಡಪತ್ರಿಯವರ ದಿನ ತಾನೇ!

ಏಳೂವರೆಗೆ ಕ್ಯಾಮೆರಾ ಮುಂದೆ ಕೂತೆ. ಮಳೆ ಅಂತ ಓದಿದರೆ ನಾಳೆ ಬೆಳಿಗ್ಗೆ ಕಮಲಾಪುರದಿಂದ ಕಂಪ್ಲಿಯವರೆಗೆ ಇದ್ದಬದ್ದ ಭತ್ತವನ್ನೆಲ್ಲ ಹರವುತ್ತಾರೆ. ಮಧ್ಯಾಹ್ನಕ್ಕೆ ಎಲ್ಲ ನೀರುಪಾಲು. ಮಾವನದಂತೂ ಮೊದಲು. ಚೀಟಿ ಮಡಚಿ ಪಕ್ಕಕ್ಕಿಟ್ಟೆ. "ನಾಳೆ ಹೊಸಪೇಟೆ, ಕಮಲಾಪುರ, ಕಂಪ್ಲಿ ಕಡೆ ಒಂದು ಹನಿ ಮಳೆಯೂ ಇಲ್ಲ. ಉರಿಬಿಸಿಲು. ಯಾರೂ ಹೆದರಬೇಡಿ" ಅಂತ ಹಲ್ಲು ಕಿರಿದು ಓದಿದೆ.

ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು. "ಏನ್ ಮಾಡಿದ್ರಿ ಮೇಡಂ! ತಾಡಪತ್ರಿಯವ್ರು ಸುಮ್ನಿರ್ತಾರೇನು?" ಇರಲಿ ಬಿಡಿ ಅಂದೆ. ಮಾವನಿಗೆ ಬೇರೆಯಾಗಿ ಫೋನ್ ಕೂಡ ಮಾಡಲಿಲ್ಲ. ಮಾಡುವುದೇಕೆ? ಉಲ್ಟಾ ಲೆಕ್ಕ ಹುಟ್ಟಿಸಿದವನೇ ಅವನು.

ಗುರುವಾರ ಮೂರು ಗಂಟೆಗೆ ಆಕಾಶ ಹರಿದು ಬಿತ್ತು. ಕಿವಿ ಗಡಚಿಕ್ಕುವ ಸಿಡಿಲು, ನಿಂಬೆಕಾಯಿ ಗಾತ್ರದ ಆಲಿಕಲ್ಲು. ಸಂಜೆ ಹೊತ್ತಿಗೆ ಒಂದರ ಮೇಲೊಂದು ಫೋನ್. "ಮೇಡಂ, ಬಿಸಿಲು ಅಂದ್ರಲ್ಲ, ಒಂದು ಕಾಳೂ ತೊಯ್ಲಿಲ್ರಿ!" "ತಾಯಿ, ನಿಮ್ಮ ಸುಳ್ಳು ನೂರು ವರ್ಷ ಬಾಳಲಿ!" ತಾಡಪತ್ರಿ ಅಂಗಡಿಯವರೂ ಫೋನ್ ಮಾಡಿದರು, ಬೆಳಿಗ್ಗೆ ಹತ್ತಕ್ಕೇ ಮಾಲು ಖಾಲಿಯಂತೆ. ನನಗೆ ಕಣ್ಣಲ್ಲಿ ನೀರೇ ಬಂತು.

ಶುಕ್ರವಾರ ಬೆಳಿಗ್ಗೆ ಮಾವನ ಬಾಯಿಂದ ಶಹಬ್ಬಾಸ್ ಅನ್ನಿಸಿಕೊಳ್ಳೋಣ ಅಂತ ಕಂಪ್ಲಿಗೆ ಹೋದೆ. ದಾರಿಯುದ್ದಕ್ಕೂ ತಾಡಪತ್ರಿ ಹೊದ್ದ ರಾಶಿಗಳು ಬೆಚ್ಚಗೆ ಕೂತಿದ್ದವು. ಕಣಕ್ಕೆ ಕಾಲಿಟ್ಟವಳು ಅಲ್ಲೇ ಕಲ್ಲಾದೆ. ಮಾವನ ಭತ್ತ ಅಷ್ಟೂ ತೆಳ್ಳಗೆ ಹರವಿದಂತೆಯೇ ಕೆಸರಲ್ಲಿ ಬಿದ್ದಿತ್ತು. ಮಾವ ಬದುವಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದ.

"ಮಾವಾ! ಇದೇನಿದು? ನಾ ಬಿಸಿಲು ಅಂದಿದ್ನಲ್ಲೋ! ನೀ ಮುಚ್ಚಲಿಲ್ಲೇನು?"

"ನಿಮ್ಮವ್ವ ಮೊನ್ನೆ ಫೋನ್ ಮಾಡಿ ಅತ್ಲು. 'ಊರ ಮಂದಿ ಹೋಗ್ಲಿ, ಒಡಹುಟ್ಟಿದ ನೀನ ನನ್ನ ಮಗಳನ್ನ ನಂಬಂಗಿಲ್ಲಂದ್ರ ಆಕಿನ್ನ ಯಾರು ಮದಿವಿ ಮಾಡ್ಕೊಂತಾರೋ' ಅಂದ್ಲು. ಇನ್ಮ್ಯಾಲೆ ಏನರ ಆಗ್ಲಿ, ಆಕಿ ಹೇಳಿದ್ದನ್ನ ನಂಬ್ತೀನಿ ಅಂತ ಮಾತು ಕೊಟ್ಟೆ." ನಿಟ್ಟುಸಿರು ಬಿಟ್ಟ. "ಜೀವಮಾನದಾಗ ಒಂದು ದಿನ ನಂಬಿದೆ ತಾಯಿ. ಅವತ್ತ ನೀ ಊರಿಗೆಲ್ಲಾ ನಿಜ ಹೇಳಿ, ನನಗೊಬ್ಬಂಗ ಸುಳ್ಳು ಹೇಳಿದಿ."

ಅವನ ಕಾಲು ಹಿಡಿದು ಗೊಳೋ ಅಂತ ಅತ್ತೆ. "ಏ, ಸುಮ್ನಿರು, ನೀರು ಇನ್ನೂ ಹೆಚ್ಚು ಮಾಡಬ್ಯಾಡ" ಅಂದ ಮಾವ, ತಲೆ ಸವರಿದ. ಅತ್ತಿ ಕಚ್ಚೆ ಕಟ್ಟಿ ಬಂದಳು. ಹೆಂಗೂ ನೆನೆದದ, ಕೆಸರು ತೊಳೆದು ಅರ್ಧದಷ್ಟರ ಅವಲಕ್ಕಿ ಹಾಕಿಸೋಣ, ಉಳಿದದ್ದು ಒಣಗಿದಷ್ಟು ಒಣಗಲಿ ಅಂತ ಅವಳೇ ತೀರ್ಮಾನ ಮಾಡಿದಳು. ಮೂವರೂ ಸೇರಿ ಮಧ್ಯಾಹ್ನದ ತನಕ ಭತ್ತ ಬಳಿದೆವು, ತೊಳೆದೆವು, ಹರವಿದೆವು.

ಮಾವ ಸೊಂಟ ನೆಟ್ಟಗೆ ಮಾಡಿ ಆಕಾಶ ನೋಡಿದ. ಪಡುವಣದಲ್ಲಿ ಒಂದು ತುಂಡು ಮೋಡ. ನನ್ನ ಕಡೆ ತಿರುಗಿದ. "ನಾಳೆ ಬಿಸಿಲೋ, ಮಳಿಯೋ? ಖರೇ ಹೇಳು."

ಹೇಳಬೇಕೆಂದು ಬಾಯಿ ತೆರೆದೆ. ಅತ್ತಿ ಬುಟ್ಟಿ ಬಿಟ್ಟು ಓಡಿಬಂದು ಕೆಸರುಗೈಯಿಂದಲೇ ನನ್ನ ಬಾಯಿ ಮುಚ್ಚಿದಳು.

"ಬ್ಯಾಡ ನನ್ನವ್ವಾ, ಕೈ ಮುಗಿತೀನಿ, ಏನೂ ಅನಬ್ಯಾಡ! ನೀ ಏನಂದ್ರ ಏನು ಮಾಡಬೇಕಂತ ಈಗ ನಮಗ್ಯಾರಿಗೂ ಗೊತ್ತಿಲ್ಲ!"